ಕ್ಲಿಯಾನ್‌ಗೂ ಬಾಯಿ ಕೊಡು

ಪ್ರೀತಿಯ ತಮ್ಮಾ,

ನಿನ್ನ ನಾಟಕದ ಹಸ್ತಪ್ರತಿ ಬಂತು, ಜೊತೆಗಿದ್ದ ಚೀಟಿಯೂ ಬಂತು. "ಇದು ಚೆನ್ನಾಗಿಲ್ಲ ಅಂದರೆ ಬರೆಯುವುದನ್ನೇ ಬಿಟ್ಟುಬಿಡುತ್ತೇನೆ ಸಾರ್" ಎಂದಿದ್ದೀಯ. ನಿನ್ನ ವಯಸ್ಸಿನಲ್ಲಿ ಎಲ್ಲರೂ ಒಂದು ಸಲ ಬಿಡುತ್ತಾರೆ. ಅದಕ್ಕೆ ನನ್ನ ಅಪ್ಪಣೆ ಯಾಕೆ? ಎಷ್ಟು ಪುಟ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಎಂಬುದನ್ನೆಲ್ಲ ನಿನ್ನ ಓರಗೆಯವರನ್ನು ಕೇಳು. ನನಗೆ ಗೊತ್ತಿದ್ದ ಪ್ರಕಾಶಕರಲ್ಲಿ ಅರ್ಧ ಜನ ತೀರಿಕೊಂಡರು, ಉಳಿದವರು ದುಡ್ಡು ಬಾಕಿ ಇಟ್ಟಿದ್ದಾರೆ.

ಮೊದಲ ದೃಶ್ಯ ಓದಿ ಖುಷಿಯಾಯಿತು. ಕ್ರಿ.ಪೂ. 425, ಗ್ರೀಸಿನಲ್ಲಿ ಅಥೆನ್ಸಿಗೂ ಸ್ಪಾರ್ಟಾಕ್ಕೂ ಯುದ್ಧ. ಸ್ಪಾರ್ಟಾದ 420 ಯೋಧರು ಸ್ಫ್ಯಾಕ್ಟೀರಿಯಾ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದಾರೆ, ಸುತ್ತ ಅಥೆನ್ಸ್ ಹಡಗುಗಳ ಕಾವಲು. ಮಾತುಕತೆ ಮುಗಿಯುವವರೆಗೆ ಕದನವಿರಾಮ. ದ್ವೀಪದಲ್ಲಿದ್ದವರಿಗೆ ತಲೆಗೆ ಎರಡು ಅಳತೆ ನಾದಿದ ಬಾರ್ಲಿ ಹಿಟ್ಟು, ಎರಡು ಬಟ್ಟಲು ವೈನ್, ಒಂದು ತುಂಡು ಮಾಂಸ. ಆಳುಗಳಿಗೆ ಅದರಲ್ಲಿ ಅರ್ಧ. ಶತ್ರುವಿನ ಕಣ್ಣೆದುರೇ ಈ ರೇಷನ್ ಅಳೆದು ಕಳಿಸುವುದನ್ನು ನೀನು ತೋರಿಸಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ.

ಮೂರನೇ ದೃಶ್ಯಕ್ಕೆ ಬಂದರೆ ಸಿಟ್ಟು ನೆತ್ತಿಗೇರಿತು.

ಸ್ಪಾರ್ಟಾದ ದೂತರು ಶಾಂತಿ ಕೇಳಲು ಅಥೆನ್ಸಿನ ಜನಸಭೆಗೆ ಬರುತ್ತಾರೆ. ಅವರಿಗೆ ನಾಲ್ಕು ಪುಟ ಒಳ್ಳೊಳ್ಳೆ ಮಾತು. ಎದ್ದು ವಿರೋಧಿಸುವ ಅಥೆನ್ಸಿನ ಜನನಾಯಕ ಕ್ಲಿಯಾನ್‌ಗೆ ಬರೀ ಅರಚಾಟ. ಒಂಬತ್ತು ಸಾಲು, ಎಣಿಸಿದೆ.

ಈ ಯುದ್ಧದ ಇತಿಹಾಸ ಬರೆದ ಥುಸಿಡಿಡೀಸನೂ ಹಾಗೇ ಮಾಡಿದ್ದಾನಲ್ಲ ಅಂತೀಯ. ಹೌದು, ದೂತರ ಭಾಷಣವನ್ನು ಪೂರ್ತಿ ಕೊಟ್ಟು ಕ್ಲಿಯಾನ್‌ನ ಮಾತನ್ನು ವರದಿಯ ಥರ ಮುಗಿಸಿಬಿಟ್ಟ. ಸೇನಾಪತಿಯಾಗಿದ್ದಾಗ ಆಂಫಿಪೊಲಿಸ್ ಪಟ್ಟಣವನ್ನು ಉಳಿಸಿಕೊಳ್ಳಲಾಗದೆ 20 ವರ್ಷ ಗಡೀಪಾರಾದವನು ಅವನು. ಅದರ ಹಿಂದೆ ಕ್ಲಿಯಾನ್‌ನ ಕೈಯಿತ್ತು ಎಂದು ಊಹಿಸುವವರೂ ಇದ್ದಾರೆ. ಆದರೆ ಇದೇ ಥುಸಿಡಿಡೀಸ್, ಇದಕ್ಕೆ ಎರಡು ವರ್ಷ ಮೊದಲು, 427ರಲ್ಲಿ ನಡೆದ ಜನಸಭೆಯ ಬಗ್ಗೆ ಬರೆಯುವಾಗ ಕ್ಲಿಯಾನ್‌ಗೆ ಉದ್ದನೆಯ ಭಾಷಣ ಕೊಟ್ಟಿದ್ದಾನೆ. ನೀವು ಭಾಷಣಗಳನ್ನು ಆಟ ನೋಡುವ ಹಾಗೆ ನೋಡಲು ಬರುತ್ತೀರಿ ಎಂದು ಅವನ ಬಾಯಲ್ಲೇ ಜನರನ್ನು ಬೈಯಿಸಿದ್ದಾನೆ. ಕಂಡರಾಗದವನಿಗೆ ಅಂಥ ಮಾತು ಕೊಡಲು ಎಂಟೆದೆ ಬೇಕು ಕಣಯ್ಯಾ.

ಕ್ಲಿಯಾನ್ ಕೇಳಿದ್ದಾದರೂ ಏನು? ನಿಸಾಯಾ, ಪೇಗೈ, ಟ್ರೋಜೆನ್, ಅಕಾಯಾ. 20 ವರ್ಷದ ಹಿಂದೆ ಅಥೆನ್ಸ್ ಕಷ್ಟದಲ್ಲಿದ್ದಾಗ ಒಪ್ಪಂದ ಮಾಡಿಕೊಂಡು ಬಿಟ್ಟುಕೊಟ್ಟ ಜಾಗಗಳು. ಸಭೆಯಲ್ಲಿ ಕೂತ ಒಬ್ಬ ರೈತನನ್ನು ನೆನಸಿಕೋ. ಯುದ್ಧಕ್ಕೆ ಇದು ಏಳನೇ ವರ್ಷ. ಸ್ಪಾರ್ಟಾದವರು ಬಂದು ಬಂದು ಅವನ ಬೆಳೆ ಹಾಳು ಮಾಡಿದ್ದಾರೆ. ಮಹಾಮಾರಿಗೆ ಮನೆಯಲ್ಲಿ ಎಷ್ಟು ಜನ ಹೋದರೋ. ಈಗ ಅದೇ ಸ್ಪಾರ್ಟಾದವರು, ಕೆಲವರನ್ನು ಗೊತ್ತು ಮಾಡಿ, ಅವರ ಜೊತೆ ಕೂತು ಸಮಾಧಾನವಾಗಿ ಮಾತಾಡುತ್ತೇವೆ ಅನ್ನುತ್ತಾರೆ. ಹೇಳುವುದಿದ್ದರೆ ಎಲ್ಲರೆದುರೇ ಹೇಳಿ ಎಂದು ಕ್ಲಿಯಾನ್ ಗದರುತ್ತಾನೆ. ಆ ರೈತ ಹೌದೌದು ಎಂದು ತಲೆಯಾಡಿಸುವುದಿಲ್ಲವಾ? ನಿನ್ನ ನಾಟಕದಲ್ಲಿ ಆ ರೈತನೇ ಇಲ್ಲ. ಸುಮ್ನೆ ಒಂದು ಗುಂಪು, ಕೂಗುತ್ತದೆ.

ಕ್ಲಿಯಾನ್ ಮಾಡಿದ್ದು ತಪ್ಪು ಅಂತಲೇ ನನ್ನ ಲೆಕ್ಕವೂ. ಬಹಿರಂಗವಾಗಿ ಬಿಟ್ಟುಕೊಡುವ ಮಾತಾಡಿ, ಕೊನೆಗೆ ಒಪ್ಪಂದವೂ ಆಗದಿದ್ದರೆ ಮಿತ್ರರ ಎದುರು ಮಾನ ಹೋಗುತ್ತದೆ ಎಂದು ದೂತರು ಬರಿಗೈಯಲ್ಲಿ ಹೊರಟುಹೋದರು. ಶಾಂತಿ ಬಂದದ್ದು ನಾಲ್ಕು ವರ್ಷದ ಮೇಲೆ, 421ರಲ್ಲಿ. ಅಷ್ಟರಲ್ಲಿ ಕ್ಲಿಯಾನೂ ಯುದ್ಧದಲ್ಲಿ ಸತ್ತಿದ್ದ. ತಪ್ಪು ಮಾಡಿದವನೇ ಆಗಲಿ, ಅವನ ಮಾತು ಕೇಳಿ ಒಂದು ಗಳಿಗೆ ನಾನೂ ಕೈ ಎತ್ತಬೇಕು. ಇಲ್ಲದಿದ್ದರೆ ಆ ದೃಶ್ಯ ನನಗ್ಯಾಕೆ?

ನಾನೂ ಮೂವತ್ತನೇ ವಯಸ್ಸಿನಲ್ಲಿ ನಮ್ಮ ಮನೆಯ ಪಾಲುಪಟ್ಟಿಯ ಜಗಳದ ಮೇಲೆ ನಾಟಕ ಬರೆದೆ. ದೊಡ್ಡಪ್ಪನನ್ನು ಖಳನಾಯಕ ಮಾಡಿದೆ. ಅವರ ಪಾತ್ರ ಸೋತಾಗಲೆಲ್ಲ ಚಪ್ಪಾಳೆ. ದೊಡ್ಡಪ್ಪ ಎರಡನೇ ಸಾಲಿನಲ್ಲಿ ಕೂತು ಪೂರ್ತಿ ನೋಡಿದರು. ಆಮೇಲೆ ಹೊರಗೆ ಟೀ ಕುಡಿಯುತ್ತಾ, "ನಾನು ಹೇಳಿದ್ದರಲ್ಲಿ ಅರ್ಧ ಬಿಟ್ಟಿದ್ದೀಯಲ್ಲೋ" ಅಂದರು. ಬಾವಿ ತೋಡಿಸಿದ ಸಾಲವನ್ನು ಅವರೊಬ್ಬರೇ ತೀರಿಸಿದ್ದರು. ನನಗೆ ಅದು ಗೊತ್ತಿತ್ತು. ಹಾಕಿದ್ದರೆ ಚಪ್ಪಾಳೆ ಕಮ್ಮಿಯಾಗುತ್ತಿತ್ತು. ಅವರು ಹೋಗಿ ಹತ್ತೊಂಬತ್ತು ವರ್ಷವಾಯಿತು. ಆ ಅರ್ಧವನ್ನು ನಾನಿನ್ನೂ ಬರೆದಿಲ್ಲ.

ಮೂರನೇ ದೃಶ್ಯವೊಂದನ್ನೇ ತಿದ್ದಿ ದೀಪಾವಳಿಯೊಳಗೆ ಕಳಿಸು. ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಪೋಸ್ಟಿಗೆ ಹಾಕು. ಫೋನಿನಲ್ಲಿ ಓದಲು ನನ್ನ ಕಣ್ಣು ಕೇಳುವುದಿಲ್ಲ.

ನಿನ್ನ,
ಮುದುಕ ಮೇಷ್ಟ್ರು