ಹಣ ಕೊಡಲು ಬಂದವರು ಎಲ್ಲಿ ತಿರುಗಿ ಹೋದರು?

ಪ್ರೀತಿಯ ಪುಟ್ಟಿಗೆ,

ಮಾವನ ಆಶೀರ್ವಾದಗಳು. ನಿನ್ನ ಆನ್‌ಲೈನ್ ಅಂಗಡಿಗೆ ಬಂದವರಲ್ಲಿ ಹಂತಹಂತವಾಗಿ ಎಷ್ಟು ಜನ ಉಳಿದರು ಅಂತ ತೋರಿಸುವ ಆ ಫನಲ್ ರಿಪೋರ್ಟನ್ನು ನಿನ್ನೆ ರಾತ್ರಿ ಕೂತು ಪೂರ್ತಿ ನೋಡಿದೆ. ಅದರ ಕೆಳಗೆ ಬರೆದ ಸಾಲು ಓದಿ ಬೇಜಾರಾಯಿತು. "ನೂರು ಜನ ಬಂದರೆ ಇಬ್ಬರೇ ಕೊಳ್ಳುತ್ತಾರೆ ಮಾವ, ನನ್ನ ಅಂಗಡಿಯಲ್ಲೇ ಏನೋ ಐಬಿದೆ" ಅಂತ ಬರೆದಿದ್ದೀಯ. ಹಾಗೆ ಅಂದುಕೊಳ್ಳಬೇಡ. ಆನ್‌ಲೈನ್ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ಸುಮ್ನೆ ನೋಡಿಕೊಂಡು ಹೋಗುವವರೇ. ಅವರು ಹೋದರು ಅಂತ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಜಾಹೀರಾತಿಗೆ ಇನ್ನಷ್ಟು ಹಣ ಹಾಕಲಾ ಅಂತ ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗ ಬೇಡ. ಯಾಕೆ ಅಂತ ನಿನ್ನ ಲೆಕ್ಕದಿಂದಲೇ ತೋರಿಸುತ್ತೇನೆ.

ಹೋದ ತಿಂಗಳು ಸುಮಾರು 10,000 ಜನ ಬಂದರು. 800 ಜನ ಕಾರ್ಟ್‌ಗೆ ಏನಾದರೂ ಹಾಕಿದರು. 400 ಜನ ಚೆಕ್‌ಔಟ್, ಅಂದರೆ ವಿಳಾಸ ಕೊಟ್ಟು ಹಣ ಕಟ್ಟುವ ಹಂತಗಳನ್ನು, ಶುರು ಮಾಡಿದರು. ವಿಳಾಸದ ಪುಟ ದಾಟಿದವರು 320. ಡೆಲಿವರಿ ಆಯ್ಕೆ ಮುಗಿಸಿ ಪೇಮೆಂಟ್ ಪುಟ ತಲುಪಿದವರು 290. ಆರ್ಡರ್ ಆಗಿದ್ದು 200. ನಿನ್ನ ಕಣ್ಣು ಹೋಗಿದ್ದು ಮೊದಲ ಸಾಲಿಗೆ. 10,000 ಎಲ್ಲಿ, 800 ಎಲ್ಲಿ! ನೋಡಲು ದೊಡ್ಡ ಕುಸಿತವೇ. ನನ್ನ ಕಣ್ಣು ನಿಂತಿದ್ದು ಕೊನೆಯ ಸಾಲಿನ ಮೇಲೆ. 290ರಿಂದ 200ಕ್ಕೆ.

ಆ 90 ಜನ ಯಾರು ಅಂತ ಒಂದು ಸಲ ಯೋಚಿಸು. ಅವರು ವಸ್ತು ಆರಿಸಿದ್ದರು. ಬೆಲೆ ನೋಡಿ ಒಪ್ಪಿದ್ದರು. ಫೋನಿನ ಸಣ್ಣ ಕೀಬೋರ್ಡ್‌ನಲ್ಲಿ ಹೆಸರು, ವಿಳಾಸ ಎಲ್ಲ ಟೈಪ್ ಮಾಡಿದ್ದರು. ಹಣ ಕೊಡುವುದಷ್ಟೇ ಬಾಕಿ. ಅಲ್ಲಿಂದ ತಿರುಗಿ ಹೋದರು. ಅವರಲ್ಲಿ 30 ಜನ ಉಳಿದಿದ್ದರೂ ನಿನ್ನ ಆರ್ಡರ್ 230 ಆಗುತ್ತಿತ್ತು. ಶೇ. 15ರಷ್ಟು ಹೆಚ್ಚು, ಅದೂ ಜಾಹೀರಾತಿಗೆ ಒಂದು ಪೈಸೆ ಖರ್ಚಿಲ್ಲದೆ. ಹಾಗಾಗಿ ಫನಲನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ಮಾಡಿಕೋ ಅಂತ ಹೇಳುತ್ತೇನೆ. ಕೊಳ್ಳಲು ತೀರ್ಮಾನ ಮಾಡಿದವರನ್ನು ಮೊದಲು ಉಳಿಸಿಕೊಳ್ಳಬೇಕು, ಅಲ್ವಾ?

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ರಿಪೋರ್ಟ್‌ನಲ್ಲಿರುವ 200 ಮತ್ತು ನಿನ್ನ ಆರ್ಡರ್ ದಾಖಲೆಯಲ್ಲಿರುವ ಸಂಖ್ಯೆ ತಾಳೆ ಆಗುತ್ತಾ ನೋಡು. "ಧನ್ಯವಾದ" ಪುಟವನ್ನು ಯಾರೋ ಮತ್ತೆ ಲೋಡ್ ಮಾಡಿದರೆ ಒಂದೇ ಆರ್ಡರ್ ಎರಡು ಸಲ ಎಣಿಕೆಗೆ ಬರಬಹುದು. ಪ್ರತಿ ಆರ್ಡರ್ ಜೊತೆ ಅದರದೇ ವಹಿವಾಟು ಸಂಖ್ಯೆಯನ್ನೂ ರಿಪೋರ್ಟ್‌ಗೆ ಕಳಿಸಿದರೆ ಆ ತೊಂದರೆ ತಪ್ಪುತ್ತದೆ. ಇನ್ನು ಕೆಲವರ ಬ್ರೌಸರ್ ಟ್ರ್ಯಾಕಿಂಗನ್ನೇ ತಡೆಯುತ್ತದೆ, ಅವರು ಲೆಕ್ಕಕ್ಕೇ ಸಿಗುವುದಿಲ್ಲ. ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ದೊಡ್ಡ ವ್ಯತ್ಯಾಸ ಕಂಡರೆ ಬೇರೆಲ್ಲ ಬಿಟ್ಟು ಅದನ್ನು ಸರಿಮಾಡು.

ಈಗ ಪೇಮೆಂಟ್ ಪುಟ. ನಿನ್ನ ರಿಪೋರ್ಟ್‌ನಲ್ಲಿ ಒಂದು ಕೊರತೆ ಇದೆ. ಪುಟಕ್ಕೆ ಬಂದವರನ್ನೂ ಹಣ ಕಟ್ಟಿದವರನ್ನೂ ಎಣಿಸಿದ್ದೀಯ. ನಡುವೆ ಏನಾಯಿತು ಅನ್ನುವುದು ಇಲ್ಲ. "ಪಾವತಿಸಿ" ಬಟನ್ ಒತ್ತಿದವರು ಎಷ್ಟು ಜನ? ಬಟನ್ ಒತ್ತದೆ ಹೋದವರಿಗೆ ಮನಸ್ಸಿನಲ್ಲಿ ಏನೋ ಅಡ್ಡ ಬಂದಿದೆ. ಕೊನೆಯ ಮೊತ್ತ ನೋಡಿ ಹಿಂಜರಿದರೋ, ಅವರು ಬಳಸುವ ಪಾವತಿ ವಿಧಾನ ಅಲ್ಲಿರಲಿಲ್ಲವೋ, ಕಾರ್ಡ್ ನಂಬರ್ ಕೊಡಲು ಧೈರ್ಯ ಬರಲಿಲ್ಲವೋ. ಬಟನ್ ಒತ್ತಿಯೂ ಆರ್ಡರ್ ಆಗದವರ ಕಥೆ ಪೂರ್ತಿ ಬೇರೆ. ಅವರು ಹಣ ಕೊಟ್ಟೇಬಿಟ್ಟಿದ್ದರು, ಯಂತ್ರ ತೆಗೆದುಕೊಳ್ಳಲಿಲ್ಲ. ಬ್ಯಾಂಕ್ ನಿರಾಕರಿಸಿರಬಹುದು, ಒಟಿಪಿ ಬರುವುದು ತಡವಾಗಿರಬಹುದು, ನೆಟ್‌ವರ್ಕ್ ನಡುವೆ ಕೈಕೊಟ್ಟಿರಬಹುದು. ಮೊದಲ ಗುಂಪಿಗೆ ಪುಟ ತಿದ್ದಬೇಕು. ಎರಡನೆಯ ಗುಂಪಿಗೆ ಪೇಮೆಂಟ್ ಗೇಟ್‌ವೇ (ಅಂಗಡಿಗೂ ಬ್ಯಾಂಕಿಗೂ ನಡುವೆ ಹಣ ಸಾಗಿಸುವ ಸೇವೆ) ಕೊಡುವ ಎರರ್ ಕೋಡ್‌ಗಳನ್ನು ತೆಗೆದು, ಯಾವ ವಿಧಾನದಲ್ಲಿ, ಯಾವ ಹೊತ್ತಿನಲ್ಲಿ ಜಾಸ್ತಿ ಸೋಲುತ್ತಿದೆ ಅಂತ ಹುಡುಕಬೇಕು. ಎರಡನ್ನೂ ಸೇರಿಸಿ "ಡ್ರಾಪ್-ಆಫ್", ಅಂದರೆ ನಡುವೆ ಬಿಟ್ಟುಹೋದವರು, ಅಂತ ಒಂದೇ ಹೆಸರಿಟ್ಟರೆ ಮದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಪಾವತಿ ಸೋತಾಗ ನಿನ್ನ ಪುಟ ಏನು ಹೇಳುತ್ತದೆ ಅಂತ ನೀನೇ ಒಮ್ಮೆ ನೋಡಿದ್ದೀಯಾ? "ಏನೋ ತಪ್ಪಾಗಿದೆ" ಅಂತ ಒಂದೇ ಸಾಲು ತೋರಿಸಿ ಖಾಲಿ ಕಾರ್ಟ್‌ಗೆ ವಾಪಸ್ ಕಳಿಸುವ ಅಂಗಡಿಗಳನ್ನು ಎಷ್ಟೋ ಕಂಡಿದ್ದೇನೆ. ಆ ಹೊತ್ತಿಗೆ ಕೊಳ್ಳುವವರ ಎದೆಯಲ್ಲಿ ಇರುವುದು ಒಂದೇ ಪ್ರಶ್ನೆ: ನನ್ನ ಹಣ ಹೋಯ್ತಾ? ಆ ಪ್ರಶ್ನೆಗೆ ಮೊದಲು ಉತ್ತರ ಕೊಡು. ಹಣ ಕಡಿತ ಆಗಿಲ್ಲ ಅಂತ ಖಚಿತವಾಗಿ ಗೊತ್ತಿದ್ದರೆ ಹಾಗೆಂದು ಬರೆ. ಗೊತ್ತಿಲ್ಲದಿದ್ದರೆ, ಬ್ಯಾಂಕಿನಿಂದ ಉತ್ತರ ಬರಬೇಕಿದೆ, ಅಲ್ಲಿಯವರೆಗೆ ಮತ್ತೆ ಪಾವತಿಸಬೇಡಿ ಅಂತ ಹೇಳು. ಕಾರ್ಟ್, ವಿಳಾಸ ಎಲ್ಲ ಇದ್ದ ಹಾಗೇ ಇರಲಿ. ಬೇರೆ ವಿಧಾನದಲ್ಲಿ ಕಟ್ಟಲು ದಾರಿ ಅಲ್ಲೇ ಇರಲಿ. ಒಬ್ಬರು ಗಾಬರಿಯಲ್ಲಿ ಬಟನನ್ನು ಎರಡು ಸಲ ಒತ್ತಿದರೂ ಹಣ ಒಂದೇ ಸಲ ಹೋಗುವಂತೆ ಮಾಡುವುದು ನಿನ್ನ ಪ್ರೋಗ್ರಾಮರ್ ಜವಾಬ್ದಾರಿ. ಇದರಲ್ಲಿ ರಾಜಿ ಬೇಡ.

ಇನ್ನು ವಿಳಾಸದ ಪುಟ. 400 ಜನ ಬಂದು 80 ಜನ ಅಲ್ಲೇ ನಿಂತುಹೋಗಿದ್ದಾರೆ. ಇದನ್ನು ನೋಡಿದಾಗ ನನಗೆ ಹಳೆಯದೊಂದು ದಿನ ನೆನಪಾಯಿತು.

ನಾನು ಕೆಲಸ ಮಾಡುತ್ತಿದ್ದ ಕಡೆ ಮೊಬೈಲ್‌ನಲ್ಲಿ ವಿಳಾಸದ ಹಂತ ದಾಟುವವರು ತೀರಾ ಕಡಿಮೆ ಇದ್ದರು. ನಾವು ಎರಡು ವಾರ ಬಟನ್‌ನ ಬಣ್ಣ ಬದಲಿಸಿದೆವು, ಮಾತು ಬದಲಿಸಿದೆವು. ಏನೂ ಆಗಲಿಲ್ಲ. ಕೊನೆಗೆ ಒಬ್ಬ ಹೆಂಗಸನ್ನು ಕರೆದು, "ನಿಮ್ಮದೇ ಫೋನಿನಲ್ಲಿ ಒಂದು ಆರ್ಡರ್ ಮಾಡಿ, ನಾವು ಪಕ್ಕದಲ್ಲಿ ಕೂತಿರುತ್ತೇವೆ" ಅಂದೆವು. ಅವರು ಫೋನ್ ನಂಬರ್ ಜಾಗ ಮುಟ್ಟಿದರು. ಫೋನೇ ನಂಬರ್ ತುಂಬಿಸಿತು, ಮುಂದೆ ಪ್ಲಸ್ ಚಿಹ್ನೆ, ದೇಶದ ಕೋಡ್ ಸಮೇತ. ನಮ್ಮ ಫಾರ್ಮ್‌ಗೆ ಆ ಪ್ಲಸ್ ಚಿಹ್ನೆ ಆಗುತ್ತಿರಲಿಲ್ಲ. ಅವರು ಕೆಳಗೆ ಬಂದು "ಮುಂದುವರಿಯಿರಿ" ಒತ್ತಿದರು. ತಪ್ಪಿದೆ ಅನ್ನುವ ಸಂದೇಶ ಪುಟದ ಮೇಲ್ಭಾಗದಲ್ಲಿ ಮೂಡಿತು. ಅವರು ಇದ್ದದ್ದು ಪುಟದ ಕೆಳಗೆ. ಅವರಿಗೆ ಏನೂ ಕಾಣಲಿಲ್ಲ. ಮತ್ತೆ ಒತ್ತಿದರು. ನಾಲ್ಕು ಸಲ ಒತ್ತಿದರು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು, "ಕ್ಷಮಿಸಿ, ನನಗೆ ಇದೆಲ್ಲ ಅಷ್ಟು ಬರೋಲ್ಲ" ಅಂದರು.

ತಪ್ಪು ನಮ್ಮದು. ಕ್ಷಮೆ ಕೇಳಿದ್ದು ಅವರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ರಿಪೋರ್ಟ್‌ನಲ್ಲಿ ಅವರು ಒಂದು ಡ್ರಾಪ್-ಆಫ್ ಮಾತ್ರ. ಎಲ್ಲಿ ಬಿಟ್ಟರು ಅಂತ ಸಂಖ್ಯೆ ಹೇಳಿತ್ತು, ಯಾಕೆ ಅಂತ ಹೇಳಿರಲಿಲ್ಲ. ಅದು ಗೊತ್ತಾಗಿದ್ದು ಪಕ್ಕದಲ್ಲಿ ಕೂತು ನೋಡಿದಾಗಲೇ.

ಆದ್ದರಿಂದ ನಿನಗೂ ಅದನ್ನೇ ಹೇಳುತ್ತೇನೆ. ಐದಾರು ಜನರನ್ನು ಕೂರಿಸಿಕೊಂಡು ಆರ್ಡರ್ ಮಾಡಿಸು. ನೀನು ಬಾಯಿ ಬಿಡಬೇಡ, ಬೆರಳು ತೋರಿಸಬೇಡ. ಸುಮ್ಮನಿದ್ದು ನೋಡು. ಎಲ್ಲಿ ಕೈ ತಡೆಯುತ್ತದೆ, ಎಲ್ಲಿ ಹುಬ್ಬು ಗಂಟಾಗುತ್ತದೆ ಅಂತ ಬರೆದುಕೋ. ಫಾರ್ಮ್‌ನ ಪ್ರತಿ ಜಾಗಕ್ಕೂ ಎಷ್ಟು ಸಲ ತಪ್ಪು ಸಂದೇಶ ಬಂತು ಅಂತ ಎಣಿಸುವ ವ್ಯವಸ್ಥೆಯನ್ನೂ ಮಾಡಿಸು. ನಂಬರ್ ನಡುವಿನ ಖಾಲಿ ಜಾಗ, ಗೆರೆ, ಪ್ಲಸ್ ಚಿಹ್ನೆ ಇವನ್ನೆಲ್ಲ ಕಂಪ್ಯೂಟರೇ ತೆಗೆದುಹಾಕಲಿ, ಜನರಿಗೆ ಆ ಕೆಲಸ ಹಚ್ಚಬೇಡ. ತಪ್ಪಿನ ಸಂದೇಶ ತಪ್ಪಾದ ಜಾಗದ ಪಕ್ಕದಲ್ಲೇ ಬರಲಿ. ಬೇಡದ ಪ್ರಶ್ನೆಗಳನ್ನು ಕಿತ್ತುಹಾಕು. ಹುಟ್ಟಿದ ದಿನ ಯಾಕೆ ಕೇಳುತ್ತಿದ್ದೀಯ, ಹೇಳು ನೋಡೋಣ?

ಕಾರ್ಟ್‌ನಿಂದ ಚೆಕ್‌ಔಟ್‌ಗೆ ಬರುವಾಗ ಅರ್ಧ ಜನ ಬಿಟ್ಟಿದ್ದಾರೆ. ಇಲ್ಲಿ ನನಗೆ ಎರಡು ಅನುಮಾನ. ಒಂದು, ನೀನು ಖಾತೆ ತೆರೆಯಲೇಬೇಕು ಅಂತ ಹಟ ಹಿಡಿದಿದ್ದೀಯ. 2009ರಲ್ಲಿ ಜ್ಯಾರೆಡ್ ಸ್ಪೂಲ್ ಎಂಬ ವೆಬ್‌ಸೈಟ್ ಬಳಕೆಯ ತಜ್ಞರು ಒಂದು ದೊಡ್ಡ ಆನ್‌ಲೈನ್ ಅಂಗಡಿಯ ಅನುಭವ ಬರೆದಿದ್ದರು. ಅಲ್ಲಿ "ನೋಂದಾಯಿಸಿ" ಅನ್ನುವ ಬಟನ್ ತೆಗೆದು "ಮುಂದುವರಿಯಿರಿ" ಅಂತ ಹಾಕಿದರು, ಖಾತೆ ಕಡ್ಡಾಯ ಅಲ್ಲ ಅಂತ ಪಕ್ಕದಲ್ಲಿ ಒಂದು ಮಾತು ಸೇರಿಸಿದರು. ಕೊಂಡವರ ಸಂಖ್ಯೆ ಶೇ. 45 ಏರಿತು. ನಿನಗೆ ಅಷ್ಟೇ ಏರುತ್ತದೆ ಅಂತ ನಾನು ಹೇಳಲಾರೆ. ಆದರೆ ಗೆಸ್ಟ್ ಚೆಕ್‌ಔಟ್, ಅಂದರೆ ಖಾತೆ ಇಲ್ಲದೆಯೂ ಕೊಳ್ಳುವ ದಾರಿ, ಇಡಲೇಬೇಕು. ಖಾತೆ ಬೇಕಾದವರು ಆರ್ಡರ್ ಆದಮೇಲೆ ತೆರೆಯಲಿ, ಆಗ ಪಾಸ್‌ವರ್ಡ್ ಒಂದು ಕೊಟ್ಟರೆ ಸಾಕು.

ಎರಡನೆಯದು ಡೆಲಿವರಿ ಶುಲ್ಕ. ಅದನ್ನು ಕೊನೆಯ ಪುಟದವರೆಗೆ ಮುಚ್ಚಿಟ್ಟಿದ್ದೀಯ. ಅದು ಎಷ್ಟು ಅಂತ ತಿಳಿಯಲಿಕ್ಕೇ ಎಷ್ಟೋ ಜನ ಚೆಕ್‌ಔಟ್ ಒತ್ತುತ್ತಾರೆ, ನೋಡಿ ಹೋಗುತ್ತಾರೆ. ಆನ್‌ಲೈನ್ ಅಂಗಡಿಗಳ ಬಗ್ಗೆ ಸಂಶೋಧನೆ ಮಾಡುವ ಬೇಮಾರ್ಡ್ ಇನ್‌ಸ್ಟಿಟ್ಯೂಟ್‌ನವರು ಹಲವಾರು ಅಧ್ಯಯನಗಳ ಸರಾಸರಿ ತೆಗೆದಿದ್ದಾರೆ. ಕಾರ್ಟ್‌ಗೆ ಹಾಕಿ ಬಿಟ್ಟುಹೋಗುವವರು ಸುಮಾರು ಶೇ. 70. ನಿನ್ನದು 800ಕ್ಕೆ 600, ಅಂದರೆ ಶೇ. 75. ಎದೆಗುಂದುವಷ್ಟು ದೂರವೇನಿಲ್ಲ. ಸುಮ್ನೆ ನೋಡುವವರನ್ನು ಬಿಟ್ಟು ಉಳಿದವರನ್ನು ಕೇಳಿದಾಗ ಬೇಮಾರ್ಡ್‌ನವರಿಗೆ ಸಿಕ್ಕ ಮೊದಲ ಕಾರಣ, ಕೊನೆಗೆ ಸೇರಿಕೊಳ್ಳುವ ಶುಲ್ಕಗಳು. ಹಾಗಾಗಿ ಶುಲ್ಕವನ್ನು ಕಾರ್ಟ್‌ನಲ್ಲೇ ತೋರಿಸು, ಸಾಧ್ಯವಾದರೆ ವಸ್ತುವಿನ ಪುಟದಲ್ಲೇ ತೋರಿಸು. ಚೆಕ್‌ಔಟ್ ಶುರು ಮಾಡುವವರು ಆಗ ಸ್ವಲ್ಪ ಕಡಿಮೆಯಾದರೂ ಗಾಬರಿಯಾಗಬೇಡ. ಬರುವವರು ಮೊತ್ತ ಗೊತ್ತಿದ್ದೇ ಬರುತ್ತಾರೆ.

ಕೂಪನ್ ಕೋಡ್ ಹಾಕುವ ಜಾಗವನ್ನು ಅಷ್ಟು ದೊಡ್ಡದಾಗಿ ಇಡಬೇಡ. ಕೂಪನ್ ಇಲ್ಲದವರು ಅದನ್ನು ಹುಡುಕಲು ಹೊರಗೆ ಹೋಗುತ್ತಾರೆ, ಹೋದವರು ಬರುವುದು ಕಷ್ಟ.

ಸರಾಸರಿಯ ಬಗ್ಗೆ ಒಂದು ಎಚ್ಚರಿಕೆ. ಮೊಬೈಲ್ ಮತ್ತು ಕಂಪ್ಯೂಟರ್ ಲೆಕ್ಕವನ್ನು ಯಾವಾಗಲೂ ಬೇರೆ ಬೇರೆ ಇಡು. ಒಂದು ಉದಾಹರಣೆ ಹಿಡಿ. ಕನ್ವರ್ಷನ್, ಅಂದರೆ ಬಂದವರಲ್ಲಿ ಕೊಂಡವರ ಪ್ರಮಾಣ, ಮೊಬೈಲ್‌ನಲ್ಲಿ ಶೇ. 1, ಕಂಪ್ಯೂಟರ್‌ನಲ್ಲಿ ಶೇ. 3, ಬರುವವರು ಅರ್ಧರ್ಧ. ಒಟ್ಟು ಶೇ. 2. ಮುಂದಿನ ತಿಂಗಳು ನೀನು ಕಷ್ಟಪಟ್ಟು ಮೊಬೈಲನ್ನು 1.1ಕ್ಕೆ, ಕಂಪ್ಯೂಟರನ್ನು 3.1ಕ್ಕೆ ಏರಿಸಿದೆ. ಅದೇ ಹೊತ್ತಿಗೆ ಮೊಬೈಲ್‌ನಿಂದ ಬರುವವರು ಶೇ. 80 ಆದರು. ಒಟ್ಟು ಕನ್ವರ್ಷನ್ 1.5ಕ್ಕೆ ಇಳಿಯುತ್ತದೆ! ಎರಡೂ ಕಡೆ ಏರಿ, ಒಟ್ಟು ಇಳಿಯಿತು. ಇಂಥ ವಿಚಿತ್ರದ ಬಗ್ಗೆ 1951ರಲ್ಲೇ ಎಡ್ವರ್ಡ್ ಸಿಂಪ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರು ಬರೆದಿದ್ದಾರೆ, ಅವರ ಹೆಸರೇ ಅದಕ್ಕೆ ನಿಂತಿದೆ. ಒಟ್ಟು ಸಂಖ್ಯೆ ಒಂದನ್ನೇ ನೋಡಿ ಒಳ್ಳೆಯ ಬದಲಾವಣೆಯನ್ನು ಹಿಂದೆಗೆದುಕೊಂಡವರನ್ನು ನಾನು ಬಲ್ಲೆ.

ಎ-ಬಿ ಟೆಸ್ಟ್, ಅಂದರೆ ಅರ್ಧ ಜನರಿಗೆ ಹಳೆಯ ಪುಟ, ಇನ್ನರ್ಧ ಜನರಿಗೆ ಹೊಸದು ತೋರಿಸಿ ಹೋಲಿಸುವ ಪರೀಕ್ಷೆ, ಮಾಡುತ್ತೇನೆ ಅಂದಿದ್ದೀಯ. ಮಾಡು, ಆದರೆ ಮೊದಲು ಲೆಕ್ಕ ಹಾಕಿಕೋ. ಒಟ್ಟು ಕನ್ವರ್ಷನ್ ಶೇ. 2ರಿಂದ 2.2ಕ್ಕೆ ಏರಿದ್ದು ನಿಜವೋ ಕಾಕತಾಳೀಯವೋ ಅಂತ ನಂಬಿಕೆಯಿಂದ ಹೇಳಲು ಒಂದೊಂದು ಕಡೆಗೂ ಸುಮಾರು 80,000 ಜನ ಬೇಕು. ನಿನಗೆ ಬರುವವರು ತಿಂಗಳಿಗೆ 10,000. ಅದೇ ಪೇಮೆಂಟ್ ಹಂತ ಒಂದನ್ನೇ ತೆಗೆದುಕೊಂಡು ಶೇ. 70ರಿಂದ 80ಕ್ಕೆ ಏರಿತೇ ಅಂತ ನೋಡಲು ಒಂದು ಕಡೆಗೆ ಸುಮಾರು 300 ಜನ ಸಾಕು. ಎರಡು ತಿಂಗಳಲ್ಲಿ ಆಗುವ ಕೆಲಸ. ಹಾಗಾಗಿ ದೊಡ್ಡ ಬದಲಾವಣೆಯನ್ನು ಹಂತದ ಲೆಕ್ಕದಲ್ಲಿ ಪರೀಕ್ಷಿಸು. ಬಟನ್ ಬಣ್ಣದಂಥದ್ದಕ್ಕೆ ಹೊತ್ತು ಕಳೆಯಬೇಡ. ಕಣ್ಣಿಗೆ ಕಾಣುವ ತಪ್ಪಿಗೆ ಪರೀಕ್ಷೆಯೇ ಬೇಡ, ಸರಿಮಾಡಿಬಿಡು. ಇನ್ನೊಂದು, ನಾಲ್ಕನೇ ದಿನಕ್ಕೆ ಒಂದು ಕಡೆ ಮುಂದಿದೆ ಅಂತ ಟೆಸ್ಟ್ ನಿಲ್ಲಿಸಬೇಡ. ಮೊದಲೇ ಅಂದುಕೊಂಡಷ್ಟು ಜನ ಬರುವವರೆಗೆ ಕಾಯಿ.

ಕೊನೆಯದಾಗಿ, ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ಮಾತು. ಕನ್ವರ್ಷನ್ ಏರಿಸಲು ಅಡ್ಡದಾರಿಗಳು ಬೇಕಾದಷ್ಟಿವೆ. ಕೇಳದೇ ಕಾರ್ಟ್‌ಗೆ ಏನೋ ಸೇರಿಸುವುದು, ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ, "ಇನ್ನು ಎರಡೇ ಉಳಿದಿವೆ" ಅನ್ನುವ ಸುಳ್ಳು. ಇವುಗಳಿಗೆ 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬವರು ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟರು. ಇಂಥದ್ದನ್ನು ಮಾಡಿದ ತಿಂಗಳು ರಿಪೋರ್ಟ್ ಚೆನ್ನಾಗೇ ಕಾಣುತ್ತದೆ. ಅದರ ನಿಜ ಬೆಲೆ ವಾಪಸ್ ಬಂದ ಆರ್ಡರ್‌ಗಳಲ್ಲಿ, ದೂರುಗಳಲ್ಲಿ, ಎರಡನೇ ಸಲ ಬಾರದ ಜನರಲ್ಲಿ ಕಾಣುತ್ತದೆ. ಆದ್ದರಿಂದ ನಿನ್ನ ಫನಲ್ ಆರ್ಡರ್‌ಗೆ ನಿಲ್ಲದಿರಲಿ. ಕೆಳಗೆ ಇನ್ನೂ ಮೂರು ಸಾಲು ಸೇರಿಸು: ರದ್ದಾದವು, ವಾಪಸ್ ಬಂದವು, ಮತ್ತೆ ಬಂದು ಕೊಂಡವರು. ಮೇಲಿನ ಸಂಖ್ಯೆ ಏರಿ ಇವು ಕೆಟ್ಟರೆ ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡ.

ಎಲ್ಲವನ್ನೂ ಒಂದೇ ಸಲ ಕೈಗೆತ್ತಿಕೊಳ್ಳಬೇಡ. ಈ ವಾರ ಆ 90 ಜನರನ್ನು ಮಾತ್ರ ನೋಡು. ಬಟನ್ ಒತ್ತಿದವರೆಷ್ಟು, ಒತ್ತದವರೆಷ್ಟು, ಒತ್ತಿ ಸೋತವರಲ್ಲಿ ಯಾವ ಕಾರಣಕ್ಕೆ ಎಷ್ಟು. ಅಷ್ಟನ್ನು ಬರೆದು ಕಳಿಸು, ಭಾನುವಾರ ಇಬ್ಬರೂ ಫೋನಿನಲ್ಲಿ ಕೂತು ನೋಡೋಣ.

ಇಂತಿ ನಿನ್ನ ಪ್ರೀತಿಯ,
ಮಾವ