ಟವರ್ ಇದೆ, ಕರೆಂಟ್ ಇರುವಷ್ಟು ಹೊತ್ತು

ಸಂಪಾದಕರೇ,

ಊರಿಗೆ ನೆಟ್‌ವರ್ಕ್ ಇಲ್ಲ ಅಂತ ಶುರು ಮಾಡಿದರೆ ನೀವು ಪೂರ್ತಿ ಓದುವುದಿಲ್ಲ ಅಂತ ಗೊತ್ತು. ಮಲೆನಾಡಿನವರ ಈ ಗೋಳು ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ಎಷ್ಟು ಸಲ ಬಂದಿದೆಯೋ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಮ್ಮೂರಿಗೆ ನೆಟ್‌ವರ್ಕ್ ಇದೆ. ಟವರ್ ಇದೆ. ಬಿಸಿಲು ಬಿದ್ದ ದಿನ ನಮ್ಮ ಜಗಲಿಯ ಕಂಬದ ಹತ್ತಿರ ಎರಡು ಕಡ್ಡಿ 4ಜಿ ಕೂಡ ಬರುತ್ತದೆ. ನನ್ನ ತಕರಾರು ಬೇರೆ.

ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ವಿದ್ಯುತ್ತಿಗೆಂದು ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಇಲ್ಲಿಯವರು ಸಾಗರಕ್ಕೆ ಹೋಗಬೇಕೆಂದರೆ ಲಾಂಚ್ ಕಾಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು, ಅದು ದೊಡ್ಡ ಉಪಕಾರವೇ. ನಾಡಿಗೆ ಬೆಳಕು ಕೊಟ್ಟವರು ಕತ್ತಲಲ್ಲಿದ್ದಾರೆ ಅನ್ನುವ ಮಾತನ್ನು ನಮ್ಮ ಕಡೆ ಎಲ್ಲ ಸಭೆಯಲ್ಲೂ ಎಲ್ಲ ಪಕ್ಷದವರೂ ಹೇಳಿ ಸವೆಸಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ.

ಜಗಲಿ ಕಂಬದ ವಿಷಯ ಹೇಳಿದೆನಲ್ಲ. ಅಲ್ಲಿ ಒಂದು ಮೊಳೆ ಹೊಡೆದು, ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ ತೂಗುಹಾಕಿದ್ದೇವೆ. ಅಮ್ಮನ ಕೀಪ್ಯಾಡ್ ಫೋನ್ ಅದರೊಳಗೇ ಇರುತ್ತದೆ. ಕೈಗೆ ತೆಗೆದುಕೊಂಡು ಎರಡು ಹೆಜ್ಜೆ ಒಳಗೆ ಬಂದರೆ ಕಟ್. ಹಾಗಾಗಿ ಫೋನ್ ಬಂದರೆ ಅದನ್ನು ಬಾಟಲಿಯಲ್ಲೇ ಬಿಟ್ಟು, ಸ್ಪೀಕರ್ ಹಾಕಿ, ಕೆಳಗೆ ನಿಂತು ಕತ್ತೆತ್ತಿ ಮಾತಾಡುವುದು. ಬೆಂಗಳೂರಿನಿಂದ ತಮ್ಮ ಏನು ಹೇಳಿದರೂ ಅಂಗಳದಲ್ಲಿ ಅಡಿಕೆ ಸುಲಿಯುವವರಿಗೆಲ್ಲ ಕೇಳುತ್ತದೆ. ಮನೆಯ ಗುಟ್ಟು ಅಂತ ಒಂದೂ ಉಳಿದಿಲ್ಲ, ಅದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಗುಡ್ಡ, ಕಣಿವೆ, ಮಳೆಗೆ ನೆಂದ ಕಾಡು ಇದ್ದಲ್ಲಿ ಸಿಗ್ನಲ್ ಹೀಗೇ ಇರುತ್ತದೆ ಅನ್ನುವಷ್ಟು ತಿಳಿವಳಿಕೆ ನಮಗೂ ಇದೆ.

ಒಗ್ಗಿಕೊಳ್ಳಲು ಆಗದ್ದು ಮಳೆಗಾಲ. ಜೂನ್‌ನಲ್ಲಿ ಗಾಳಿ ಶುರುವಾದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಅದು ಯಾರ ತಪ್ಪೂ ಅಲ್ಲ. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ಬೈಯುವವನು ಒಂದು ಸಲ ತಾನೇ ಹತ್ತಿ ನೋಡಲಿ. ಆದರೆ ಕರೆಂಟ್ ಹೋದ ಮುಕ್ಕಾಲು ಗಂಟೆಗೆ ಟವರ್ ಕೂಡ ಹೋಗುತ್ತದೆ. ಆಮೇಲೆ ಕರೆಂಟ್ ಬರುವತನಕ, ಕೆಲವು ಸಲ ನಾಲ್ಕು ದಿನ, ಐದು ದಿನ, ಫೋನ್ ಅನ್ನುವುದು ಬರೀ ಟಾರ್ಚ್. ಅದೂ ಚಾರ್ಜ್ ಇದ್ದರೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಹಸು ಕರು ಹಾಕಲು ಒದ್ದಾಡುತ್ತಿತ್ತು. ಕರು ಅಡ್ಡ ಬಂದಿತ್ತು. ಅಮ್ಮನಿಗೆ ಇದರಲ್ಲಿ ಅನುಭವ ಇದೆ, ಕೈ ಹಾಕಿ ನೋಡಿ, ‘ಇದು ನನ್ನ ಕೈಲಾಗುವುದಲ್ಲ, ಡಾಕ್ಟ್ರಿಗೆ ಫೋನ್ ಮಾಡು’ ಅಂದಳು. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಬೈಕ್ ತೆಗೆದುಕೊಂಡು ಗುಡ್ಡದ ತಲೆಗೆ ಹೋದೆ, ಅಲ್ಲೂ ಇಲ್ಲ. ಕೊನೆಗೆ ಸೇತುವೆಗೆ ಹೋದೆ. ಸೇತುವೆಯ ನಡುವಿಗೆ ಹೋದರೆ ಆಚೆ ದಡದ ರೇಂಜ್ ಸಿಗುತ್ತದೆ ಅನ್ನುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಹಗಲಲ್ಲಿ ನೋಡಿ ಬೇಕಾದರೆ, ಒಂದು ಕಡೆ ಪ್ರವಾಸಿಗರು ಸೆಲ್ಫಿ ತೆಗೆಯುತ್ತಿರುತ್ತಾರೆ, ಇನ್ನೊಂದು ಕಡೆ ನಮ್ಮವರು ಕಿವಿಗೆ ಫೋನ್ ಹಿಡಿದು ನಿಂತಿರುತ್ತಾರೆ. ರಾತ್ರಿ ಹನ್ನೊಂದೂವರೆಗೆ, ಹೊಯ್ಯುವ ಮಳೆಯಲ್ಲಿ, ಕೊಡೆ ಹಿಡಿದರೆ ಗಾಳಿ ಎಳೆಯುತ್ತದೆ, ಹಿಡಿಯದಿದ್ದರೆ ಫೋನ್ ನೆನೆಯುತ್ತದೆ. ಅಂತೂ ಡಾಕ್ಟರ್ ಸಿಕ್ಕರು, ಪುಣ್ಯಾತ್ಮರು ಬಂದರು ಕೂಡ. ಹಸು ಉಳಿಯಿತು, ಕರು ಉಳಿಯಲಿಲ್ಲ. ಅರ್ಧ ಗಂಟೆ ಮುಂಚೆ ಸಿಕ್ಕಿದ್ದರೆ ಉಳಿಯುತ್ತಿತ್ತೇ? ಡಾಕ್ಟರ್ ಅದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾರನೇ ವಾರ ಟವರ್ ನೋಡಿಕೊಳ್ಳುವ ಹುಡುಗ ಸಿಕ್ಕಿದ. ಯಾವ ಕಂಪನಿ ಅಂತ ಬರೆಯುವುದಿಲ್ಲ, ಬರೆದರೆ ಆ ಹುಡುಗನ ಕೆಲಸಕ್ಕೇ ತೊಂದರೆ. ಅವನಿಗೆ ಒಂದಲ್ಲ, ಏಳೆಂಟು ಟವರ್. ‘ಅಣ್ಣಾ, ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ನಾನು ಬರೆದು ಕಳಿಸ್ತಾನೇ ಇದ್ದೀನಿ’ ಅಂದ. ಜನರೇಟರ್? ಇದೆ. ಡೀಸೆಲ್? ಮೇಲಿನಿಂದ ಬರಬೇಕು. ಒಂದು ಸಲ ಊರವರೇ ಮನೆಗಿಷ್ಟು ಅಂತ ಕೂಡಿಸಿ ಎರಡು ಕ್ಯಾನ್ ಡೀಸೆಲ್ ತಂದು ಕೊಟ್ಟೆವು. ಒಂದೂವರೆ ದಿನ ಟವರ್ ನಡೆಯಿತು. ರೀಚಾರ್ಜ್ ದುಡ್ಡೂ ನಮ್ಮದೇ, ಡೀಸೆಲ್ ದುಡ್ಡೂ ನಮ್ಮದೇ, ಚೆನ್ನಾಗಿದೆ ಅಲ್ವಾ?

ನನ್ನ ತಕರಾರಿಗೆ ಬರುತ್ತೇನೆ. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರಲ್ಲಿ ಸೇವೆಯ ಗುಣಮಟ್ಟಕ್ಕೆ ಹೊಸ ನಿಯಮ ಮಾಡಿತು. ಒಂದು ಜಿಲ್ಲೆಯಲ್ಲಿ ಕಂಪನಿಯೊಂದರ ಸೇವೆ ಪೂರ್ತಿ ಸ್ಥಗಿತವಾದರೆ ಅದನ್ನು ವರದಿ ಮಾಡಬೇಕು, 24 ಗಂಟೆ ದಾಟಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ದಿನ ಮುಂದಕ್ಕೆ ಹಾಕಿ ಕೊಡಬೇಕು. ಓದಿದಾಗ ಖುಷಿಯಾಯಿತು. ಆಮೇಲೆ ‘ಜಿಲ್ಲೆ’ ಅನ್ನುವ ಪದ ಕಣ್ಣಿಗೆ ಬಿತ್ತು. ಇಡೀ ಶಿವಮೊಗ್ಗ ಜಿಲ್ಲೆಗೆ ಒಟ್ಟಿಗೆ ನೆಟ್‌ವರ್ಕ್ ಹೋಗುವುದು ಯಾವ ಕಾಲಕ್ಕೆ? ನಮ್ಮ ಟವರ್ ಐದು ದಿನ ಮಲಗಿದ್ದರೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಫೋನ್ ನಡೆಯುತ್ತಿರುತ್ತದಲ್ಲ, ಲೆಕ್ಕ ಸರಿಹೋಯಿತು. ನಮ್ಮ ಐದು ದಿನ ಪರಿಹಾರದ ಪುಸ್ತಕದಲ್ಲಿ ಬರೆಯಲ್ಪಡುವುದಿಲ್ಲ. ಪರಿಹಾರ ಬೇಕಿರುವುದು ಯಾರಿಗೆ ಅಂತ ನಿಯಮ ಬರೆದವರು ಒಂದು ಮಳೆಗಾಲ ಇಲ್ಲಿ ಕಳೆದು ನೋಡಬೇಕಿತ್ತು.

ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿ ಇದೆ ಅಂತ ವೆಬ್‌ಸೈಟಿನಲ್ಲಿ ನಕ್ಷೆ ಹಾಕಬೇಕು ಅನ್ನುವುದೂ ಅದೇ ನಿಯಮದಲ್ಲಿದೆ. ಹಾಕಿದ್ದಾರೆ. ಸೇತುವೆ ಮೇಲೆ ನಿಂತು ತೆಗೆದು ನೋಡಿದೆ. ನಮ್ಮೂರಿಗೆ ಚಂದವಾಗಿ ಬಣ್ಣ ಬಳಿದಿದ್ದಾರೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕೆ ನಕ್ಷೆಯಲ್ಲಿ ಬಣ್ಣ ಇಲ್ಲ.

ಇಲ್ಲಿ ಹಳೇ ಲ್ಯಾಂಡ್‌ಲೈನ್ ನೆನಪಾಗುತ್ತದೆ. ಹಳೇದೆಲ್ಲ ಚೆನ್ನಾಗಿತ್ತು ಅಂತ ಹೇಳುವ ಪೈಕಿ ನಾನಲ್ಲ, ಆಗಲೂ ಮಳೆಗಾಲದಲ್ಲಿ ಕೇಬಲ್ ಸತ್ತು ತಿಂಗಳುಗಟ್ಟಲೆ ಫೋನ್ ಮೂಕಾಗಿರುತ್ತಿತ್ತು. ಆದರೆ ತಾಮ್ರದ ತಂತಿಯ ಫೋನಿಗೆ ಮನೆಯ ಕರೆಂಟ್ ಬೇಕಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ದೊಡ್ಡ ಬ್ಯಾಟರಿಗಳ ಸಾಲು ಇರುತ್ತಿತ್ತು, 48 ವೋಲ್ಟ್ ಅದೇ ತಂತಿಯಲ್ಲಿ ಮನೆಗೆ ಬರುತ್ತಿತ್ತು. ತಂತಿ ತುಂಡಾಗದಿದ್ದರೆ ಊರೆಲ್ಲ ಕತ್ತಲಿದ್ದರೂ ಡಯಲ್ ಟೋನ್ ಇರುತ್ತಿತ್ತು. ಈಗ ತಾಮ್ರ ಹೋಗಿ ಫೈಬರ್ ಬಂದಿದೆ. ವೇಗದಲ್ಲಿ ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಆದರೆ ಫೈಬರಿನಲ್ಲಿ ಬರುವುದು ಬೆಳಕು ಮಾತ್ರ, ಮನೆಯ ಪೆಟ್ಟಿಗೆಗೆ ಕರೆಂಟ್ ನಾವೇ ಕೊಡಬೇಕು. ಇನ್ವರ್ಟರ್ ಇರುವ ನಾಲ್ಕು ಮನೆಯವರು ಮಳೆಯಲ್ಲೂ ವೈಫೈ ಕಾಲಿಂಗ್ ಮಾಡುತ್ತಾರೆ. ಉಳಿದವರು ಆ ಮನೆಯ ಜಗಲಿಗೆ ಹೋಗಿ, ‘ಪಾಸ್‌ವರ್ಡ್ ಹಾಕಿ ಕೊಡ್ತೀರಾ ಅಕ್ಕಾ’ ಅಂತ ನಿಲ್ಲುತ್ತಾರೆ. ಮೊದಲು ನಗರ–ಹಳ್ಳಿ ಅಂತ ಭೇದ ಇತ್ತು, ಈಗ ಒಂದೇ ಕೇರಿಯೊಳಗೆ ಶುರುವಾಗಿದೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಹಳ್ಳಿಗಳಿಗೆ ಸೇವೆ ಕೊಡಲೆಂದೇ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದರಂತೆ ಸೇರುವ ನಿಧಿ ಇದೆ, 2023ರ ಕಾಯ್ದೆಯಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಅಂತ ಹೊಸ ಹೆಸರಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಉದ್ಘಾಟನೆಯಾಯಿತು, ಅದರ ರೇಡಿಯೋ ಉಪಕರಣ ಮಾಡಿದ ತೇಜಸ್ ಕಂಪನಿ ನಮ್ಮ ಬೆಂಗಳೂರಿನದೇ. ಹೆಮ್ಮೆಯ ಮಾತು. ಆದರೆ ಇದೆಲ್ಲದರಲ್ಲೂ ಲೆಕ್ಕ ಟವರ್ ನಿಂತ ದಿನಕ್ಕೆ ಮುಗಿಯುತ್ತದೆ. ಎಷ್ಟು ಟವರ್ ನಿಂತವು ಅಂತ ಫೋಟೋ ಸಮೇತ ಬರುತ್ತದೆ. ಕಳೆದ ಆಗಸ್ಟ್‌ನಲ್ಲಿ ಯಾವ ಟವರ್ ಎಷ್ಟು ಗಂಟೆ ಸತ್ತಿತ್ತು ಅಂತ ಎಲ್ಲೂ ಬರುವುದಿಲ್ಲ. ಕಂಪನಿಗೆ ಅದು ನಿಮಿಷದ ಲೆಕ್ಕದಲ್ಲಿ ಗೊತ್ತಿರುತ್ತದೆ, ಅವರ ಕಚೇರಿಯಲ್ಲಿ ಕೂತವರಿಗೆ ಪರದೆ ಮೇಲೆ ಕಾಣುತ್ತದೆ ಅಂತ ಆ ಹುಡುಗನೇ ಹೇಳಿದ. ಅದನ್ನೇ ಊರವರಿಗೂ ಕಾಣುವಂತೆ ಹಾಕಲಿ. ಹಾಕಿಸುವ ಅಧಿಕಾರ ಟ್ರಾಯ್‌ಗೆ ಇದೆ. ಪರಿಹಾರದ ನಿಯಮದಲ್ಲಿ ಜಿಲ್ಲೆ ಅನ್ನುವುದನ್ನು ತೆಗೆದು ಟವರ್ ಅಂತ ಮಾಡಲಿ. ನಾನು ಕೇಳುವುದು ಇಷ್ಟೇ, 5ಜಿ ಬೇಡ. ಅದು 2022ರ ಅಕ್ಟೋಬರ್‌ನಲ್ಲೇ ಬೆಂಗಳೂರಿಗೆ ಬಂತು, ಅಲ್ಲೇ ಸುಖವಾಗಿರಲಿ.

ಫೋನ್ ಇಲ್ಲದಿದ್ದರೆ ಏನಾಯ್ತು, ಹಿಂದೆ ಇರಲಿಲ್ಲವೇ ಅಂತ ಕೇಳುವವರಿದ್ದಾರೆ. ಹಿಂದೆ ಇರಲಿಲ್ಲ, ಆಗ ಅಕ್ಕಿ ತರಲಿಕ್ಕೂ ಅದು ಬೇಕಿರಲಿಲ್ಲ. ಈಗ ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಆ ಮೆಷಿನ್ನಿಗೆ ನೆಟ್ ಬೇಕು. ಬ್ಯಾಂಕಿನದಕ್ಕೆ ಓಟಿಪಿ, ಆಧಾರ್‌ಗೆ ಓಟಿಪಿ, ಗ್ಯಾಸ್ ಸಿಲಿಂಡರ್ ತಂದವನಿಗೂ ಒಂದು ನಂಬರ್ ಹೇಳಬೇಕು. ನರೇಗಾ ಕೂಲಿಯವರ ಹಾಜರಿಯನ್ನು 2023ರಿಂದ ಮೊಬೈಲಿನಲ್ಲೇ ಫೋಟೋ ತೆಗೆದು ಹಾಕಬೇಕಾಯಿತು. ಐದು ದಿನದ ಮೇಲೆ ಕರೆಂಟ್ ಬಂದಾಗ ಬಾಟಲಿಯೊಳಗಿನ ಫೋನ್ ಒಂದೇ ಸಮ ಟಿಣ್ ಟಿಣ್ ಅನ್ನಲು ಶುರುಮಾಡುತ್ತದೆ. ಕಳೆದ ಸಲ ಎಣಿಸಿದೆ, ಹನ್ನೊಂದು ಓಟಿಪಿ. ಎಲ್ಲದರ ಅವಧಿಯೂ ಮುಗಿದಿತ್ತು. ಅದರ ಹಿಂದೆಯೇ, ನಿಮ್ಮ ಪ್ಯಾಕ್ ನಾಳೆ ಮುಗಿಯುತ್ತದೆ ಅಂತ ಒಂದು ಮೆಸೇಜ್. ಅದೊಂದು ಮಾತ್ರ ಸರಿಯಾದ ಹೊತ್ತಿಗೆ ಬರುತ್ತದೆ.

ಪ್ಯಾಕ್ ಅಂದರೆ 28 ದಿನದ ತಿಂಗಳು, ವರ್ಷಕ್ಕೆ 13 ಸಲ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳೆಲ್ಲ ಒಂದೇ ವಾರದಲ್ಲಿ ದರ ಏರಿಸಿದವು, ನಾವೂ ಕೊಟ್ಟೆವು. ಕೀಪ್ಯಾಡ್ ಫೋನಿನವರು ಮುಟ್ಟದ ಡೇಟಾಕ್ಕೆ ದುಡ್ಡು ಕೊಡುತ್ತಿದ್ದಾರೆ ಅಂತ ಆ ವರ್ಷದ ಡಿಸೆಂಬರ್‌ನಲ್ಲಿ ಟ್ರಾಯ್ ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಲೇಬೇಕು ಅಂದಿತು, ಒಳ್ಳೆಯದಾಯಿತು. ಅಮ್ಮನಿಗೆ ಈಗ ಅದನ್ನೇ ಹಾಕಿಸಿದ್ದೇನೆ. ಟವರ್ ಮಲಗಿದ ದಿನಗಳನ್ನೂ ಅದರಲ್ಲಿ ಮುರಿದುಕೊಳ್ಳುತ್ತಾರೆ, ಆ ಮಾತು ಬೇರೆ.

ಅಂಗಡಿಗೆ ಐದು ದಿನ ಬಾಗಿಲು ಹಾಕಿ ಸಂಬಳದಲ್ಲಿ ಆ ಐದು ದಿನವನ್ನೂ ಕೇಳಿದರೆ ಯಾವ ಸಾಹುಕಾರ ಕೊಡುತ್ತಾನೆ, ಹೇಳಿ.

ಪತ್ರ ಹಾಕುವ ಮುಂಚೆ ಖಾತ್ರಿ ಮಾಡಿಕೊಳ್ಳಲು ನಿಮ್ಮ ಕಚೇರಿಯಿಂದ ಫೋನ್ ಮಾಡುತ್ತೀರಿ ಅಂತ ಕೇಳಿದ್ದೇನೆ. ನಂಬರ್ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಬೆಳಿಗ್ಗೆ ಹನ್ನೆರಡರ ಒಳಗೆ ಮಾಡಿ, ಮಧ್ಯಾಹ್ನದ ಮೇಲೆ ಇಲ್ಲಿ ಗಾಳಿ ಏಳುತ್ತದೆ. ಎತ್ತಿಕೊಂಡವರು ಅಮ್ಮ ಆದರೆ ಸ್ವಲ್ಪ ಜೋರಾಗಿ ಮಾತಾಡಿ, ಫೋನ್ ಬಾಟಲಿಯಲ್ಲಿರುತ್ತದೆ.

ಇತಿ,
ಒಬ್ಬ ಓದುಗ
ಕರೂರು ಹೋಬಳಿ, ಸಾಗರ ತಾಲ್ಲೂಕು