ಡಾಕ್ಟರಿಗೂ ಹೇಳಿಲ್ಲ ಅಂದೆಯಲ್ಲ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜು ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿದೆ. ರಾತ್ರಿ ಒಂದೂವರೆಗೆ ಕಳಿಸಿದ್ದೀಯ. ನಿನ್ನ ಬೆನ್ನಿನ ಡಿಸ್ಕು ಆಪರೇಷನ್ ಹೇಗಾಯಿತು, ಎಷ್ಟು ಹೊಲಿಗೆ, ಯಾರು ಜೊತೆಗಿದ್ದರು, ಅದೆಲ್ಲ ನಿಮ್ಮಪ್ಪ ಹೇಳಿದ್ದಾನೆ, ಮತ್ತೆ ಅದನ್ನೇ ಎತ್ತುವುದು ಬೇಡ. ಐದನೇ ವಾರಕ್ಕೆ ಕಾಲುನೋವು ವಾಪಸ್ ಬಂತು ಅಂತ ಬರೆದಿದ್ದೀಯಲ್ಲ, ನಿಜ ಹೇಳಬೇಕೆಂದರೆ ಅದಕ್ಕೂ ನಾನು ಅಷ್ಟು ಗಾಬರಿಯಾಗಲಿಲ್ಲ. ಕೊನೆಯಲ್ಲಿ ಒಂದು ಸಾಲು ಇದೆ ನೋಡು, "ಯಾರಿಗೂ ಹೇಳಿಲ್ಲ ಅತ್ತೆ, ಡಾಕ್ಟರಿಗೂ ಹೇಳಿಲ್ಲ" ಅಂತ. ಅದನ್ನು ಓದಿಕೊಂಡು ಕೂತವಳಿಗೆ ಕಾಫಿ ಆರಿದ್ದೇ ಗೊತ್ತಾಗಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಒಂದೇ ಬೆರಳಲ್ಲಿ ಟೈಪ್ ಮಾಡುವವಳು ನಾನು, ಇಷ್ಟು ಬರೆಯಲು ಎರಡು ದಿನ ಹಿಡಿಯಿತು.

ಮೊದಲು ನೋವಿನ ಮಾತು. ನಮ್ಮ ಮನೆಯಲ್ಲಿ ಎತ್ತು ಇದ್ದ ಕಾಲ ನೀನು ನೋಡಿಲ್ಲ. ನೊಗ ಉಜ್ಜಿ ಉಜ್ಜಿ ಹೆಗಲ ಮೇಲೆ ಬಾವು ಬರುತ್ತಿತ್ತು. ನೊಗ ಇಳಿಸಿ ಕೊಟ್ಟಿಗೆಯಲ್ಲಿ ಕಟ್ಟಿದ ತಕ್ಷಣ ಬಾವು ಇಳಿಯುತ್ತದಾ? ವಾರಗಟ್ಟಲೆ ಅದು ಹಾಗೇ ಇರುತ್ತಿತ್ತು, ಸುಮ್ನೆ ಕೈ ತಾಗಿಸಿದರೂ ಎತ್ತು ಮೈ ನಡುಗಿಸುತ್ತಿತ್ತು. ನಿನ್ನ ನರವೂ ಹಾಗೇ ಅಲ್ವಾ. ಅಷ್ಟು ತಿಂಗಳು ಡಿಸ್ಕಿನ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ, ಜಾರಿದ ಚೂರು ಅದನ್ನು ಅದುಮಿಕೊಂಡು ಕೂತಿತ್ತು. ಚೂರು ತೆಗೆದರು, ಬಾವು ಇನ್ನೂ ಇದೆ. ಹೊಸದರಲ್ಲಿ ಹಾಯಾಗಿತ್ತು ಅಂದೆಯಲ್ಲ, ಆಗ ಕೊಡುವ ಔಷಧದ ಜೋರೂ ಅದರಲ್ಲಿ ಸೇರಿರುತ್ತದೆ. ಆಮೇಲೆ ಔಷಧ ಕಡಿಮೆ ಮಾಡುತ್ತಾರೆ, ಓಡಾಟ ಜಾಸ್ತಿಯಾಗುತ್ತದೆ, ಲ್ಯಾಪ್‌ಟಾಪ್ ಮುಂದೆ ಎರಡು ಗಂಟೆ ಕೂತಿರುತ್ತೀಯ, ನರ ಕೂಗಿಕೊಳ್ಳುತ್ತದೆ. ಪೆಟ್ಟಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದಕ್ಕೆ ಎಷ್ಟಾಯಿತು ಲೆಕ್ಕ ಹಾಕು, ನೀನು ಇಂಜಿನಿಯರು.

ಹಾಗಂತ ಸುಳ್ಳು ಸಮಾಧಾನ ಹೇಳಲ್ಲ. ಡಿಸ್ಕು ಅದೇ ಜಾಗದಲ್ಲಿ ಮತ್ತೆ ಜಾರುವುದೂ ಉಂಟು, 100 ಜನರಲ್ಲಿ 5ರಿಂದ 15 ಜನಕ್ಕೆ ಆಗುತ್ತದೆ. ಒಳಗಿನ ಗಾಯ ಮಾಯುವಾಗ ಕಲೆಕಟ್ಟಿ ನರಕ್ಕೆ ಅಂಟಿಕೊಂಡರೂ ನೋವು ಬರುತ್ತದೆ. ನಿನ್ನದು ಯಾವುದು ಅಂತ ನೀನು ರಾತ್ರಿ ಒಂದೂವರೆಗೆ ಗೂಗಲ್ ಮಾಡಿ ತಿಳಿಯುವುದಲ್ಲ, ಅತ್ತೆ ತಿಪಟೂರಲ್ಲಿ ಕೂತು ಹೇಳುವುದೂ ಅಲ್ಲ. ಈಗ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಎಂಆರ್‌ಐ ಮಾಡಿದರೆ ಕಲೆ ಯಾವುದು, ಡಿಸ್ಕು ಯಾವುದು ಅಂತ ಬೇರೆ ಮಾಡಿ ನೋಡಬಹುದು. ಆದರೆ ಅದಕ್ಕೆ ಮೊದಲು ನೀನು ಬಾಯಿ ಬಿಡಬೇಕಲ್ಲಪ್ಪಾ.

ಹೇಳಿದರೆ ಮತ್ತೆ ಕೊಯ್ಯೋಣ ಅಂತಾರೆ ಅನ್ನುವುದು ನಿನ್ನ ಭಯ ಅಂತ ಬರೆದಿದ್ದೀಯ. ನಾನು ಅದನ್ನು ಅರ್ಧ ಮಾತ್ರ ನಂಬುತ್ತೇನೆ. ಮತ್ತೆ ಜಾರಿದರೂ ಎಲ್ಲರಿಗೂ ಕೊಯ್ಯುವುದಿಲ್ಲ, ಮಾತ್ರೆ, ಫಿಸಿಯೋ, ನರದ ಹತ್ತಿರ ಇಂಜೆಕ್ಷನ್ ಅಂತ ಮೊದಲು ನೋಡುತ್ತಾರೆ, ಅದು ನಿನಗೂ ಗೊತ್ತು. ಉಳಿದರ್ಧ ಮನೆಯವರ ಮುಖ. ಎಲ್ಲರೂ ಬೇಡ ಅಂದಾಗ ನೀನೇ ಹಟ ಹಿಡಿದು ಮಾಡಿಸಿಕೊಂಡೆ, ಈಗ ನೋವು ಇದೆ ಅಂತ ಯಾವ ಬಾಯಲ್ಲಿ ಹೇಳುವುದು. ಅದೇ ತಾನೇ?

ನನಗೂ ಅದೇ ಆಗಿತ್ತು ಪುಟ್ಟಾ. ಯಾರಿಗೂ ಹೇಳಿಲ್ಲ.

1991. ನೀನು ಇನ್ನೂ ಹುಟ್ಟಿರಲಿಲ್ಲ. ಎಂಆರ್‌ಐ ಎಲ್ಲ ನಮ್ಮಂಥವರ ಕೈಗೆ ಎಟುಕುವ ಮಾತೇ ಅಲ್ಲ ಆಗ. ಬೆನ್ನಿಗೆ ಸೂಜಿ ಚುಚ್ಚಿ ಬಣ್ಣದ ಔಷಧ ಬಿಟ್ಟು, ಮೇಜನ್ನೇ ತಲೆಕೆಳಗೆ ವಾಲಿಸಿ ಎಕ್ಸ್‌ರೇ ತೆಗೆದರು, ಎರಡು ದಿನ ತಲೆ ಎತ್ತಲಾಗಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್. ದುಡ್ಡಿಗೆ ನನ್ನ ನಾಲ್ಕು ಬಳೆ ಅಡ ಇಟ್ಟು, ಸಾಲದ್ದಕ್ಕೆ ಆ ವರ್ಷದ ಕೊಬ್ಬರಿಯನ್ನೂ ರೇಟು ಬರುವ ಮೊದಲೇ ನಿಮ್ಮ ಮಾವ ಮಾರಿದರು. ಅವರ ಅಣ್ಣಂದಿರೆಲ್ಲ ಬೇಡ ಅಂದಿದ್ದರು. ಹೆಂಗಸರ ಸೊಂಟನೋವಿಗೆ ಯಾರಾದರೂ ಇಷ್ಟು ಖರ್ಚು ಮಾಡುತ್ತಾರಾ ಅಂದಿದ್ದರು.

ಒಂದು ತಿಂಗಳು ಚೆನ್ನಾಗಿದ್ದೆ. ಆಮೇಲೆ ಸ್ಕೂಲಿಗೆ ಹೋಗಲು ಶುರು ಮಾಡಿದೆ, ಎಡಗಾಲು ಮತ್ತೆ ಸೆಳೆಯತೊಡಗಿತು, ಪಿರ್ರೆಯಿಂದ ಹಿಡಿದು ಮೀನಖಂಡದ ಹೊರಗಡೆಯಿಂದ ಹೆಬ್ಬೆರಳಿನವರೆಗೆ, ಅದೇ ಹಳೆಯ ದಾರಿ. ಹೇಳಲಿಲ್ಲ. ಹೇಗೆ ಹೇಳಲಿ? ಬಳೆ ಇನ್ನೂ ಬಿಡಿಸಿರಲಿಲ್ಲ. ಪಾತ್ರೆ ತೊಳೆಯುವಾಗ ನಿಮ್ಮ ಮಾವ ನನ್ನ ಬರಿಗೈ ನೋಡಿ ಮುಖ ತಿರುಗಿಸುತ್ತಿದ್ದರು. ಈ ಮನುಷ್ಯನಿಗೆ ಹೋಗಿ ನೋವು ಹೋಗಿಲ್ಲ ಅಂತ ಹೇಳುವುದಾ.

ಹಾಗೇ ಇರುವಾಗ ಒಂದು ದಿನ ಸ್ಕೂಲು ಬಿಟ್ಟು ಮನೆಗೆ ಬರುತ್ತಿದ್ದೆ. ಹಿಂದಿನಿಂದ ಐದನೇ ಕ್ಲಾಸಿನ ಹುಡುಗಿಯೊಬ್ಬಳು "ಮಿಸ್, ಮಿಸ್" ಅಂತ ಓಡಿ ಬಂದಳು. ಕೈಯಲ್ಲಿ ಒಂದು ಹವಾಯಿ ಚಪ್ಪಲಿ. ಯಾರದ್ದೇ ಇದು ಅಂದೆ. ಹುಡುಗಿ ಏನೂ ಹೇಳದೆ ನನ್ನ ಕಾಲು ನೋಡಿದಳು. ನಾನೂ ನೋಡಿದೆ. ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಜಲ್ಲಿ ಹಾಕಿದ್ದ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ಬರಿಗಾಲಲ್ಲಿ ಬಂದಿದ್ದೇನೆ, ಗೊತ್ತೇ ಆಗಿಲ್ಲ. ಅಂಗಾಲಿಗೆ ಚುಚ್ಚಿಕೊಂಡಿದ್ದ ಜಲ್ಲಿ ಚೂರನ್ನು ಆ ಮಗುವೇ ಕೂತು ತೆಗೆಯಿತು, ನಾನು ಬಗ್ಗುವ ಹಾಗಿರಲಿಲ್ಲವಲ್ಲ. "ವಯಸ್ಸಾಯ್ತು ಕಣೇ" ಅಂತ ನಕ್ಕೆ. ನನಗೆ ಆಗ 38.

ಮಾರನೆಯ ದಿನ ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಂಡೆ. ಅದೇ ನಾನು ಮಾಡಿಕೊಂಡ ಚಿಕಿತ್ಸೆ.

ಇನ್ನೊಂದು ವಿಷಯ ಕೇಳು, ಇದನ್ನು ಮರೆಯಬೇಡ. ಆಮೇಲಾಮೇಲೆ ನೋವು ಕಡಿಮೆಯಾಗುತ್ತಾ ಬಂತು. ನನಗೆ ಖುಷಿ, ದೇವರು ಕಣ್ಣುಬಿಟ್ಟ ಅಂದುಕೊಂಡೆ. ನೋವು ಇಳಿದ ಹಾಗೆ ಜೋಮು ಏರುತ್ತಿತ್ತು, ಪಾದ ಎತ್ತಲು ಆಗುತ್ತಿರಲಿಲ್ಲ, ನಡೆದರೆ ಟಪ್ ಟಪ್ ಅಂತ ಸದ್ದು. ನೋವು ಹೋಗಿ ಬಲವೂ ಹೋದರೆ ಅದು ವಾಸಿಯಾದದ್ದಲ್ಲ, ನರ ಸೋತದ್ದು. ನನಗೆ ಯಾರು ಹೇಳಬೇಕಿತ್ತು? ಕೇಳಿದ್ದರೆ ಹೇಳುತ್ತಿದ್ದರು.

ಎರಡೂವರೆ ತಿಂಗಳು ಕಳೆದ ಮೇಲೆ ಸ್ಕೂಲಿನ ಮೆಟ್ಟಿಲಲ್ಲಿ ಬಿದ್ದೆ, ಆಗ ಕರೆದುಕೊಂಡು ಹೋದರು. ಡಾಕ್ಟರು ಪಾದ ಎತ್ತಿಸಿ ನೋಡಿ, ಇದು ಎಷ್ಟು ದಿನದಿಂದ ಅಂದರು. ನಿಮ್ಮ ಮಾವ ಪಕ್ಕದಲ್ಲೇ ನಿಂತಿದ್ದರು. "ಒಂದು ವಾರ" ಅಂದೆ. ಡಾಕ್ಟರು ನನ್ನ ಮುಖ ನೋಡಿದರು, ಒಣಗಿದ ಮೀನಖಂಡ ನೋಡಿದರು, ಸುಮ್ಮನಾದರು. ಎರಡನೇ ಆಪರೇಷನ್ ಆಯಿತು, ನೋವು ಪೂರ್ತಿ ಹೋಯಿತು, ಪಾದ ಅರ್ಧ ಬಂತು. ಮೊದಲೇ ಬಂದಿದ್ದರೆ ಪೂರ್ತಿ ಬರುತ್ತಿತ್ತು ಅಂತ ಅವರೇನೂ ಆಣೆ ಮಾಡಲಿಲ್ಲ, ಬರುವುದಕ್ಕೆ ದಾರಿ ಇತ್ತು ಅಂದರು, ಅಷ್ಟೇ.

ನೀನು ಮೂರು ವರ್ಷದವನಿದ್ದಾಗ ನನ್ನ ಹಿಂದೆ ಹಿಂದೆ ಕಾಲು ಟಪ್ ಅಂತ ಹಾಕುತ್ತಾ ಬರುತ್ತಿದ್ದೆ. ನಿಮ್ಮಮ್ಮ ಒಂದು ಏಟು ಕೊಟ್ಟಿದ್ದಳು. ನಾನೇ ಬಿಡಿಸಿಕೊಂಡಿದ್ದೆ.

ಮನೆಯಲ್ಲಿ ಏನು ಹೇಳುತ್ತಾರೆ? ಅತ್ತೆ ಬೆನ್ನು ಆಪರೇಷನ್ ಮಾಡಿಸಿಕೊಂಡು ಕಾಲು ಕಳೆದುಕೊಂಡಳು ಅಂತ. ನಿನಗೂ ಹಾಗೇ ಹೇಳಿರುತ್ತಾರೆ. ನಿಮ್ಮಮ್ಮ ಆಸ್ಪತ್ರೆ ಬಾಗಿಲಲ್ಲಿ ನಿಂತು ಅತ್ತದ್ದು ನನ್ನ ಕಾಲು ನೆನೆಸಿಕೊಂಡು. ಆಪರೇಷನ್ನಿಂದ ಹೋಗಿದ್ದಲ್ಲ ಕಣೋ. ಡಿಸ್ಕು ಮತ್ತೆ ಜಾರಿದ್ದು ಯಾರ ತಪ್ಪೂ ಅಲ್ಲ, ಬಾಯಿ ಮುಚ್ಚಿಕೊಂಡು ಎರಡೂವರೆ ತಿಂಗಳು ಓಡಾಡಿದ್ದು ನಾನು. ನಿಮ್ಮ ಮಾವ ಹೋಗುವವರೆಗೂ ಆ ಮೊದಲನೆಯ ಡಾಕ್ಟರನ್ನು ಬೈಯುತ್ತಲೇ ಇದ್ದರು, ನಾನು ಊಟ ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಒಂದು ಸಲವಾದರೂ ಹೇಳಬಹುದಿತ್ತು. ಬೈಯುತ್ತಿದ್ದರೋ ಏನೋ, ಒಂದು ದಿನ ಊಟ ಬಿಡುತ್ತಿದ್ದರು, ಅಷ್ಟೇ ತಾನೇ.

ಅದಕ್ಕೇ ನಿನ್ನ ಆ ಸಾಲು ನೋಡಿ ಕೈಕಾಲು ತಣ್ಣಗಾಯಿತು. ಡಾಕ್ಟರಿಗೂ ಹೇಳಿಲ್ಲ.

ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು, ಈ ವಿಷಯದಲ್ಲಂತೂ ಅಲ್ಲ. ಆದರೂ, ಗೋಡೆ ಹಿಡಿದುಕೊಂಡು ಒಂದೊಂದೇ ಕಾಲಲ್ಲಿ ತುದಿಗಾಲ ಮೇಲೆ ನಿಲ್ಲಲು ಆಗುತ್ತಾ ನೋಡು. ಬರೀ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ. ಎರಡೂ ಹೆಬ್ಬೆರಳು ಒಂದೇ ಸಮ ಮೇಲೆ ಏಳುತ್ತವಾ? ಜೊತೆಯಲ್ಲಿ ಯಾರಾದರೂ ಇರಲಿ, ಒಬ್ಬನೇ ಸರ್ಕಸ್ ಮಾಡಬೇಡ. ಎಲ್ಲ ಸರಿ ಇದ್ದರೂ ಡಾಕ್ಟರಿಗೆ ಹೇಳಲೇಬೇಕು, ಆದರೆ ರಾತ್ರಿ ನಿದ್ದೆಯಾದರೂ ಬಂದೀತು. ಸರಿ ಇಲ್ಲದಿದ್ದರೆ ಅದೇ ದಿನ ಹೋಗು.

ಅತ್ತೆ ಇದನ್ನೂ ಬರೆಯುತ್ತಾಳಾ ಅಂತ ನಗಬೇಡ. ಉಚ್ಚೆ ಕಟ್ಟಿಕೊಂಡರೆ, ಇಲ್ಲ ಗೊತ್ತಿಲ್ಲದೆ ಹೋದರೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಜೋಮು ಹಿಡಿದರೆ, ಬೆಳಗಾಗಲಿ ಅಂತ ಕಾಯಬೇಡ. ನಡುರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗು. ಜ್ವರ ಬಂದರೆ, ಗಾಯ ಒಸರಿದರೆ ಅದೂ ಕಾಯುವ ಮಾತಲ್ಲ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ಅದು ನರದ್ದಲ್ಲದೆಯೂ ಇರಬಹುದು, ರಕ್ತ ಹೆಪ್ಪುಗಟ್ಟಿರಬಹುದು, ಉಜ್ಜಿಸಿಕೊಳ್ಳಬೇಡ. ಉಜ್ಜುವುದು ಅಂದಾಗ ನೆನಪಾಯಿತು, ನಿಮ್ಮಪ್ಪನಿಗೆ ಯಾರೋ ಎಣ್ಣೆ ಹಾಕಿ ಸೊಂಟ ಎಳೆದು ಸರಿಮಾಡುವವರ ನಂಬರು ಸಿಕ್ಕಿದೆಯಂತೆ. ಆ ಕಡೆ ತಲೆಯೂ ಹಾಕಬೇಡ.

ನರದ ಮಾತ್ರೆ ಮಂಪರು ಬರುತ್ತದೆ ಅಂತ ನೀನಾಗಿ ನಿಲ್ಲಿಸಬೇಡ, ಅದನ್ನು ನಿಧಾನಕ್ಕೆ ಇಳಿಸಬೇಕು. ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೇಳು. ಮಗುವನ್ನು ನೆಲದಿಂದ ಎತ್ತಬೇಡ, ಅದು ಅತ್ತರೂ ಸರಿ, ನೀನು ಕೂತಾಗ ಯಾರಾದರೂ ಮಡಿಲಿಗೆ ಕೊಡಲಿ. ಇದೆಲ್ಲ ಫಿಸಿಯೋದವರು ಹೇಳಿಯೇ ಇರುತ್ತಾರೆ ಬಿಡು.

ಒಂದು ಚೀಟಿಯಲ್ಲಿ ದಿನಾ ಬರೆದಿಡು, ನೋವು ಇವತ್ತು ಎಲ್ಲಿಯವರೆಗೆ ಹೋಯಿತು, ಪಾದಕ್ಕಾ, ಮಂಡಿಗಾ, ಬರೀ ಪಿರ್ರೆಗಾ. ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದರೆ ಅದು ಸಾಮಾನ್ಯವಾಗಿ ಒಳ್ಳೆಯ ಗುರುತು. ಡಾಕ್ಟರ ಮುಂದೆ ಕೂತಾಗ ಮಾತು ಬರುವುದಿಲ್ಲ, ನನಗೆ ಗೊತ್ತು. ಚೀಟಿ ಕೊಟ್ಟುಬಿಡು. ಎಷ್ಟು ದಿನದಿಂದ ಅಂತ ಕೇಳಿದರೆ ಸರಿಯಾದ ಲೆಕ್ಕ ಹೇಳು.

ನಿಮ್ಮಮ್ಮನಿಗೆ ನೀನು ಹೇಳುವುದು ಬೇಡ. ಭಾನುವಾರ ನಾನೇ ಫೋನ್ ಮಾಡುತ್ತೇನೆ, ಮೊದಲು ನನ್ನ ಕಾಲಿನ ಕಥೆ ಹೇಳುತ್ತೇನೆ, ಆಮೇಲೆ ನಿನ್ನದು. ಬೈಯುವುದಿದ್ದರೆ ಎಲ್ಲ ಬೈಗುಳವೂ ನನ್ನ ಮೇಲೇ ಬೀಳಲಿ. ನೀನು ಸೋಮವಾರ ಡಾಕ್ಟರ ಹತ್ತಿರ ಹೋಗು. ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಹೋಗಿ ಹೊರಗೆ ಕೂತಿರು, ಕೂರಲಾಗದಿದ್ದರೆ ನಿಂತಿರು. ಸಂಜೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ನಿನ್ನ ಅತ್ತೆ